ಸ್ಯಾನ್ ಹೋಸೆಯ ಲೈಟ್ ರೈಲ್: ಕಾರಿಲ್ಲದವರಿಗೆ ಯಾವ ಮಾರ್ಗ, ಯಾವ ನಿಲ್ದಾಣ ಉಪಯುಕ್ತ?

ಹೇಮಾವತಿತೀರ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಯಜಮಾನರು ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೇವೆ. ಅವರ ಮನೆ ಸಾಂಟಾ ಕ್ಲಾರಾದ ಉತ್ತರದ ಅಂಚಿನಲ್ಲಿ, ಲಿಕ್ ಮಿಲ್ ಎಂಬ ಲೈಟ್ ರೈಲ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ನಮ್ಮಿಬ್ಬರಿಗೂ ಅಲ್ಲಿ ಕಾರು ಓಡಿಸಲು ಆಗುವುದಿಲ್ಲ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಶನಿವಾರದವರೆಗೆ ಮನೆಯೊಳಗೇ ಕುಳಿತಿರುವ ಮನಸ್ಸೂ ಇಲ್ಲ. ಬೆಂಗಳೂರಿನಲ್ಲಿ ನಮ್ಮ ಮೆಟ್ರೊದಲ್ಲಿ ಓಡಾಡಿ ಅಭ್ಯಾಸವಿದೆ.

ಆದರೆ ಮಗಳ ಅಭಿಪ್ರಾಯವೇ ಬೇರೆ. ಕಾರಿನಲ್ಲಿ ಕಾಲು ಗಂಟೆ ಹಿಡಿಯುವ ದಾರಿಗೆ ರೈಲಿನಲ್ಲಿ ಒಂದು ಗಂಟೆ ಏಕೆ ಕಳೆಯಬೇಕು ಎನ್ನುತ್ತಾಳೆ. ನಕ್ಷೆ ತೆರೆದು ನೋಡಿದರೆ ಮೂರು ಬಣ್ಣದ ಗೆರೆಗಳು ಕಾಣುತ್ತವೆ. ಅವು ಎಲ್ಲೆಲ್ಲೋ ತಿರುಗಿ ಹೋಗುತ್ತವೆ, ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾದರೂ ಒಳಗೆ ಹೋಗುವುದಿಲ್ಲ. ಈ ವ್ಯವಸ್ಥೆಯನ್ನು ಬಲ್ಲವರು ಮಾರ್ಗಗಳನ್ನು ಬಿಡಿಸಿ ಹೇಳುವಿರಾ? ಅದು ಹೀಗೇಕೆ ಇದೆ ಎಂಬುದನ್ನೂ ತಿಳಿಯುವ ಕುತೂಹಲವಿದೆ. ಯಜಮಾನರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಕಾರಣ ಗೊತ್ತಾಗದೆ ಅವರು ಯಾವ ರೈಲನ್ನೂ ಹತ್ತುವವರಲ್ಲ.

ಹಳಿಪ್ರಿಯ

ಹೇಮಾವತಿತೀರ ಅವರೇ, ಸ್ವಾಗತ. ನಾನು ಈ ಸಿಲಿಕಾನ್ ಕಣಿವೆಯಲ್ಲಿ ಬಹಳ ಕಾಲದಿಂದ ಇದ್ದೇನೆ. ರೈಲಿನ ಮೇಲಿನ ಪ್ರೀತಿಯಿಂದ ಇದನ್ನು ಗಮನಿಸುತ್ತಾ ಬಂದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಮಾರ್ಗಗಳ ವಿಷಯ. ರಸ್ತೆಯ ಮಟ್ಟದಲ್ಲೂ ಓಡುವ ಈ ಹಗುರ ವಿದ್ಯುತ್ ರೈಲನ್ನು ನಡೆಸುವುದು ಸಾಂಟಾ ಕ್ಲಾರಾ ಕೌಂಟಿಯ (ನಮ್ಮ ಜಿಲ್ಲೆಯಂತೆ) ಸಾರಿಗೆ ಸಂಸ್ಥೆ. ಎಲ್ಲರೂ ವಿಟಿಎ ಎಂದೇ ಕರೆಯುತ್ತಾರೆ. 2019ರ ಡಿಸೆಂಬರ್‌ನಲ್ಲಿ ಸೇವೆಯನ್ನು ಮರುಹೊಂದಿಸಿದ ನಂತರ ಮೂರು ಮಾರ್ಗಗಳಿವೆ. ಕಿತ್ತಳೆ ಮಾರ್ಗವು ಪಶ್ಚಿಮದ ಮೌಂಟನ್ ವ್ಯೂದಿಂದ ಹೊರಟು ಸನಿವೇಲ್, ಸಾಂಟಾ ಕ್ಲಾರಾ, ಮಿಲ್ಪಿಟಾಸ್‌ಗಳನ್ನು ದಾಟಿ ಪೂರ್ವ ಸ್ಯಾನ್ ಹೋಸೆಯ ಆಲಮ್ ರಾಕ್‌ವರೆಗೆ ಹೋಗುತ್ತದೆ. ನೀಲಿ ಮಾರ್ಗವು ಉತ್ತರದ ಬೇಪಾಯಿಂಟ್‌ನಿಂದ ಸ್ಯಾನ್ ಹೋಸೆಯ ನಡುಪೇಟೆಯಾದ ಡೌನ್‌ಟೌನ್ ಮೂಲಕ ದಕ್ಷಿಣದ ಸಾಂಟಾ ತೆರೇಸಾ ತಲುಪುತ್ತದೆ. ಹಸಿರು ಮಾರ್ಗವು ನಿಮ್ಮ ಮಗಳ ಮನೆಯ ಪಕ್ಕದ ಓಲ್ಡ್ ಐರನ್‌ಸೈಡ್ಸ್‌ನಿಂದ ಹೊರಟು ಡೌನ್‌ಟೌನ್ ದಾಟಿ, ಡಿರಿಡಾನ್ ನಿಲ್ದಾಣದ ಮೂಲಕ ಕ್ಯಾಂಪ್‌ಬೆಲ್ ಊರಿನ ವಿಂಚೆಸ್ಟರ್‌ನಲ್ಲಿ ಮುಗಿಯುತ್ತದೆ. ಮೂರೂ ಸೇರಿ 59 ನಿಲ್ದಾಣಗಳು.

ನೀವು ಅದೃಷ್ಟವಂತರು ಎನ್ನಬೇಕು. ಲಿಕ್ ಮಿಲ್‌ನಲ್ಲಿ ಕಿತ್ತಳೆ, ಹಸಿರು ಎರಡೂ ನಿಲ್ಲುತ್ತವೆ. ನೀಲಿ ಬೇಕಿದ್ದರೆ ಹಸಿರು ರೈಲಿನಲ್ಲಿ ಟಾಸ್ಮನ್‌ಗೆ ಬಂದು ಬದಲಾಯಿಸಬಹುದು. ಟಾಸ್ಮನ್ ಡ್ರೈವ್ ಮತ್ತು ನಾರ್ತ್ ಫಸ್ಟ್ ಸ್ಟ್ರೀಟ್ ಸೇರುವ ಜಾಗದಲ್ಲಿ ಹಳಿಗಳು ತ್ರಿಕೋನವಾಗಿ ಕೂಡುತ್ತವೆ. ಅದರ ಮೂರು ಬದಿಗಳಲ್ಲಿ ಚಾಂಪಿಯನ್, ಬೇಪಾಯಿಂಟ್, ಟಾಸ್ಮನ್ ಎಂಬ ಮೂರು ನಿಲ್ದಾಣಗಳಿವೆ; ಪ್ರತಿಯೊಂದರಲ್ಲೂ ಎರಡೆರಡು ಮಾರ್ಗಗಳು ಮಾತ್ರ ನಿಲ್ಲುತ್ತವೆ. ಚಾಂಪಿಯನ್‌ನಲ್ಲಿ ಕಿತ್ತಳೆ ಮತ್ತು ಹಸಿರು, ಬೇಪಾಯಿಂಟ್‌ನಲ್ಲಿ ಕಿತ್ತಳೆ ಮತ್ತು ನೀಲಿ, ಟಾಸ್ಮನ್‌ನಲ್ಲಿ ನೀಲಿ ಮತ್ತು ಹಸಿರು. ಹೊಸಬರು ದಾರಿ ತಪ್ಪುವುದು ಇಲ್ಲೇ. ಈ ತ್ರಿಕೋನವೊಂದು ಮನಸ್ಸಿನಲ್ಲಿ ನಿಂತರೆ ಇಡೀ ನಕ್ಷೆ ತಾನಾಗಿ ತಿಳಿಯುತ್ತದೆ.

ಇನ್ನು ಅದು ಹೀಗೇಕೆ ಇದೆ ಎಂಬ ಪ್ರಶ್ನೆ. ಇಲ್ಲಿ ಹಳಿ ಹಾಕಿದ್ದು ಜನ ಹೆಚ್ಚಾಗಿರುವ ಕಡೆ ಅಲ್ಲ, ಜಾಗ ಸುಲಭವಾಗಿ ಸಿಕ್ಕ ಕಡೆ. ನಿಮ್ಮ ಯಜಮಾನರಿಗೆ ಈ ಒಂದು ಮಾತನ್ನು ಹೇಳಿದರೆ ಉಳಿದದ್ದನ್ನು ಅವರೇ ಊಹಿಸಿಕೊಳ್ಳುತ್ತಾರೆ. 1987ರ ಡಿಸೆಂಬರ್‌ನಲ್ಲಿ ಶುರುವಾದ ಮೊದಲ ಭಾಗ ಓಲ್ಡ್ ಐರನ್‌ಸೈಡ್ಸ್‌ನಿಂದ ನಾರ್ತ್ ಫಸ್ಟ್ ಸ್ಟ್ರೀಟ್ ಉದ್ದಕ್ಕೂ ಡೌನ್‌ಟೌನ್ ದಿಕ್ಕಿಗೆ ಸಾಗಿತು. ಒಂದು ಕಾಲದಲ್ಲಿ ಹಣ್ಣಿನ ತೋಟಗಳಿದ್ದ ಆ ಪ್ರದೇಶದಲ್ಲಿ ಆಗ ತಂತ್ರಜ್ಞಾನ ಕಂಪನಿಗಳ ತಗ್ಗು ಕಟ್ಟಡಗಳು ಏಳುತ್ತಿದ್ದವು. ರಸ್ತೆ ಬಹಳ ಅಗಲವಾಗಿದ್ದುದರಿಂದ ನಡುವೆ ಎರಡು ಹಳಿ ಹಾಕಲು ಯಾರ ಮನೆಯನ್ನೂ ಕೆಡವಬೇಕಾಗಿರಲಿಲ್ಲ. 1991ರಲ್ಲಿ ದಕ್ಷಿಣದ ಭಾಗ ಪೂರ್ಣಗೊಂಡಾಗ ಹಳಿಗಳು 87 ಮತ್ತು 85ನೇ ಫ್ರೀವೇಗಳ, ಅಂದರೆ ಸಿಗ್ನಲ್ಲಿಲ್ಲದ ಹೆದ್ದಾರಿಗಳ, ಎರಡು ದಿಕ್ಕಿನ ಪಥಗಳ ನಡುವಿನ ಪಟ್ಟಿಯಲ್ಲಿ ಕುಳಿತವು. 1999ರಲ್ಲಿ ಮೌಂಟನ್ ವ್ಯೂ, 2004ರಲ್ಲಿ ಆಲಮ್ ರಾಕ್, 2005ರಲ್ಲಿ ವಿಂಚೆಸ್ಟರ್ ಸೇರಿದವು. ವಿಂಚೆಸ್ಟರ್ ಶಾಖೆಯಂತೂ ಸರಕು ರೈಲಿನ ಹಳೆಯ ದಾರಿಯನ್ನೇ ಬಳಸಿಕೊಂಡಿದೆ.

ಹೀಗಾಗಿ ಒಂದೇ ರೈಲು ಒಂದೇ ಪ್ರಯಾಣದಲ್ಲಿ ಮೂರು ಬಗೆಯಲ್ಲಿ ಓಡುತ್ತದೆ. ಫ್ರೀವೇ ನಡುವೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ವೇಗ ಮುಟ್ಟುತ್ತದೆ. ನಾರ್ತ್ ಫಸ್ಟ್‌ನಲ್ಲಿ 35 ಮೈಲಿಯ ಮಿತಿ, ಜೊತೆಗೆ ಅಡ್ಡರಸ್ತೆಗಳ ಸಿಗ್ನಲ್. ಡೌನ್‌ಟೌನ್‌ನಲ್ಲಿ ಜನ ನಡೆದಾಡುವ ಕಲ್ಲುಹಾಸಿನ ಪಕ್ಕದಲ್ಲೇ ಹಳಿ ಇರುವುದರಿಂದ ವೇಗ ಸುಮಾರು 10 ಮೈಲಿಗೆ ಇಳಿಯುತ್ತದೆ.

ಮಾರ್ಗನಕ್ಷೆ

ಬೆಂಗಳೂರಿನಲ್ಲಿ ನಗರ ಯೋಜನೆಯ ಕೆಲಸ ಮಾಡುವವನಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಮೆಟ್ರೊ ಮತ್ತು ಈ ವ್ಯವಸ್ಥೆಗಳಲ್ಲಿ ವಿದ್ಯುತ್ತಿನ ಬಲ ಒಂದೇ, 750 ವೋಲ್ಟ್ ಡಿ.ಸಿ. ಆದರೆ ನಮ್ಮಲ್ಲಿ ಅದು ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ ಹರಿಯುತ್ತದೆ, ಅಲ್ಲಿ ತಲೆಯ ಮೇಲಿನ ತಂತಿಯಲ್ಲಿ. ಇದು ಸಣ್ಣ ವಿವರವಲ್ಲ. ಮೂರನೆಯ ಹಳಿ ಇರುವ ಕಡೆ ಮನುಷ್ಯರು ಕಾಲಿಡುವಂತಿಲ್ಲ, ಆದ್ದರಿಂದ ಮೆಟ್ರೊ ಕಂಬದ ಮೇಲೋ ನೆಲದ ಕೆಳಗೋ ಬೇಲಿಯ ಒಳಗೋ ಹೋಗಬೇಕು. ತಂತಿ ಮೇಲಿದ್ದರೆ ಹಳಿಯನ್ನು ರಸ್ತೆಯ ಮಟ್ಟದಲ್ಲೇ ಹಾಕಬಹುದು, ಜನ ಅದನ್ನು ದಾಟಬಹುದು, ಖರ್ಚು ಬಹಳ ಕಡಿಮೆಯಾಗುತ್ತದೆ. ಆ ಉಳಿತಾಯದ ಬೆಲೆಯನ್ನು ಪ್ರಯಾಣಿಕನು ಪ್ರತಿದಿನ ಕೆಂಪು ದೀಪದ ಮುಂದೆ ಕುಳಿತು ತೆರುತ್ತಾನೆ.

ಹಳಿಪ್ರಿಯ ಅವರು ಜಾಗ ಸಿಕ್ಕ ಕಡೆ ಹಳಿ ಹಾಕಿದರು ಎಂದು ಮೃದುವಾಗಿ ಹೇಳಿದ್ದಾರೆ. ನಾನು ಇನ್ನಷ್ಟು ನೇರವಾಗಿ ಹೇಳುವೆ: ಇದು ಯೋಜನೆಯ ಸೋಲು. ಆ ಕೌಂಟಿಯಲ್ಲಿ ಅತಿ ಹೆಚ್ಚು ಜನ ಹತ್ತುವ ಬಸ್ಸು ಪಾಲೊ ಆಲ್ಟೊದಿಂದ ಎಲ್ ಕಮೀನೊ ರಸ್ತೆಯ ಮೂಲಕ ಸ್ಯಾನ್ ಹೋಸೆ ದಾಟಿ ಈಸ್ಟ್‌ರಿಡ್ಜ್‌ಗೆ ಹೋಗುವ 22ನೇ ಸಂಖ್ಯೆಯದು; ಅದೇ ದಾರಿಯಲ್ಲಿ ಕಡಿಮೆ ನಿಲುಗಡೆಯ 522 ಕೂಡ ಓಡುತ್ತದೆ. ಅಂಗಡಿ, ಮನೆ, ಆಸ್ಪತ್ರೆ, ನಮ್ಮವರ ಹೋಟೆಲುಗಳೆಲ್ಲ ಆ ರಸ್ತೆಯ ಉದ್ದಕ್ಕೂ ಇವೆ. ರೈಲು ಮಾತ್ರ ಅಲ್ಲಿಂದ ಉತ್ತರಕ್ಕೆ, ಸಂಜೆ ಆರರ ನಂತರ ಯಾರೂ ಇರದ ಕಚೇರಿಗಳ ನಡುವೆ ಹೋಗುತ್ತದೆ. ಆ ಕಚೇರಿಗಳೂ ನಿಲ್ದಾಣಕ್ಕೆ ಮುಖ ಮಾಡಿಲ್ಲ. ರಸ್ತೆಯಿಂದ ಹಿಂದೆ ಸರಿದು, ಮುಂದೆ ವಿಶಾಲವಾದ ವಾಹನ ನಿಲುಗಡೆಯನ್ನು ಇಟ್ಟುಕೊಂಡಿವೆ. ನಿಲ್ದಾಣದಲ್ಲಿ ಇಳಿದವನು ಆ ಡಾಂಬರಿನ ಬಯಲನ್ನು ಬಿಸಿಲಿನಲ್ಲಿ ದಾಟಬೇಕು.

ಹಳಿಪ್ರಿಯ

ಮಾರ್ಗನಕ್ಷೆ ಅವರೇ, ಎಲ್ ಕಮೀನೊ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಸೋಲು ಎಂಬ ತೀರ್ಪನ್ನು ಇಡೀ ಜಾಲಕ್ಕೆ ಅನ್ವಯಿಸುವುದು ಸರಿಯಲ್ಲ. 1976ರಲ್ಲಿ ಇಲ್ಲಿನ ಮತದಾರರು ಸಾರಿಗೆಗಾಗಿ ಅರ್ಧ ಸೆಂಟ್ ಮಾರಾಟ ತೆರಿಗೆಯನ್ನು ಒಪ್ಪಿಕೊಂಡಾಗ ಈ ಕೌಂಟಿಯ ಸಾರಿಗೆ ಸಂಸ್ಥೆ ನಡೆಸುತ್ತಿದ್ದದ್ದು ಬಸ್ಸು ಮಾತ್ರ. ಸ್ಯಾನ್ ಹೋಸೆಯ ಹಳೆಯ ಟ್ರಾಮ್‌ಗಳು, ಲಾಸ್ ಗ್ಯಾಟೋಸ್ ಮತ್ತು ಪಾಲೊ ಆಲ್ಟೊವರೆಗೆ ಹೋಗುತ್ತಿದ್ದ ವಿದ್ಯುತ್ ರೈಲುಗಳು 1930ರ ದಶಕದಲ್ಲೇ ನಿಂತುಹೋಗಿದ್ದವು. ಅಂದಿನಿಂದ ಊರು ಬೆಳೆದದ್ದು ಕಾರಿನ ಅಳತೆಗೆ. ಅಂಥ ಊರಿನಲ್ಲಿ ಎಲ್ ಕಮೀನೊದ ಒಂದೊಂದು ಪಥವನ್ನು ರೈಲಿಗೆ ಬಿಡಿ ಎಂದು ಕೇಳಿದ್ದರೆ ಮೊದಲ ಹಳಿಯೂ ಬೀಳುತ್ತಿರಲಿಲ್ಲ. ಆ ರಸ್ತೆಯಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಕೊಡುವ ಪ್ರಸ್ತಾಪವೇ ಮುಂದೆ ದಡ ಮುಟ್ಟಲಿಲ್ಲ ಎಂಬುದನ್ನು ನೆನಪಿಡಿ.

ಜೊತೆಗೆ, ಕಚೇರಿಗಳ ನಡುವಿನ ಮಾರ್ಗ ಎಂದ ಮಾತ್ರಕ್ಕೆ ಅದು ಎಂದೆಂದಿಗೂ ಹಾಗೇ ಇರಬೇಕಿಲ್ಲ. ಲಿಕ್ ಮಿಲ್, ರಿವರ್ ಓಕ್ಸ್, ಬೇಪಾಯಿಂಟ್ ಸುತ್ತ ಈಗ ನಾಲ್ಕೈದು ಅಂತಸ್ತಿನ ವಸತಿ ಕಟ್ಟಡಗಳಿವೆ. ದಕ್ಷಿಣದ ಓಲೋನಿ-ಚಿನೊವೆತ್ ನಿಲ್ದಾಣದಲ್ಲಿ ವಾಹನ ನಿಲುಗಡೆಗೆಂದು ಇಟ್ಟಿದ್ದ ಜಾಗದ ಒಂದು ಭಾಗದಲ್ಲಿ ಕಡಿಮೆ ಬಾಡಿಗೆಯ ಮನೆಗಳು ಬಂದವು. ಹೇಮಾವತಿತೀರ ಅವರ ಮಗಳು ರೈಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ ವಾಸವಾಗಿರುವುದೇ ಇದಕ್ಕೆ ಸಾಕ್ಷಿಯಲ್ಲವೇ?

ಮಾರ್ಗನಕ್ಷೆ

ಮಗಳು ಅಲ್ಲಿ ವಾಸವಾಗಿದ್ದಾರೆ, ಆದರೆ ಕಾರಿನಲ್ಲೇ ಹೋಗುತ್ತಾರೆ. ಅದನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಬೇಕು, ಸರ್.

ಕ್ಯಾಂಪ್‌ಬೆಲ್ ವಾಸಿ

ಇಬ್ಬರು ಹಿರಿಯರ ವಾದದ ನಡುವೆ ಹಸಿರು ಮಾರ್ಗದ ಪರವಾಗಿ ನಾಲ್ಕು ಮಾತು. ಡಿರಿಡಾನ್‌ನಿಂದ ವಿಂಚೆಸ್ಟರ್‌ವರೆಗಿನ ಭಾಗದಲ್ಲಿ ರೈಲು ರಸ್ತೆಯ ನಡುವೆ ಓಡುವುದಿಲ್ಲ, ತನ್ನದೇ ದಾರಿಯಲ್ಲಿ ಓಡುತ್ತದೆ. ರಸ್ತೆ ಅಡ್ಡ ಬಂದಲ್ಲಿ ಗೇಟು ಬೀಳುತ್ತದೆ, ಕಾರುಗಳು ಕಾಯುತ್ತವೆ. ಆದ್ದರಿಂದ ರೇಸ್, ಫ್ರೂಟ್‌ಡೇಲ್, ಬ್ಯಾಸ್ಕಮ್, ಹ್ಯಾಮಿಲ್ಟನ್ ನಿಲ್ದಾಣಗಳ ನಡುವೆ ಪ್ರಯಾಣ ಚುರುಕಾಗಿರುತ್ತದೆ. ಆದರೆ ಸರಕು ಹಳಿಯ ಪಕ್ಕದಲ್ಲಿ ಜಾಗ ಸಾಲದೆ ಕೆಲವು ಕಡೆ ಒಂದೇ ಹಳಿ ಹಾಕಿದ್ದಾರೆ. ಎದುರಿನಿಂದ ಬರುವ ರೈಲು ದಾಟುವವರೆಗೆ ಇನ್ನೊಂದು ಕಾಯಲೇಬೇಕು. ಒಂದು ರೈಲು ತಡವಾದರೆ ಆ ತಡ ಎದುರಿನ ರೈಲಿಗೂ ಅಂಟಿಕೊಳ್ಳುತ್ತದೆ, ಹಾಗಾಗಿ ಎಷ್ಟು ಹೊತ್ತಿಗೊಂದು ರೈಲು ಬಿಡಬಹುದು ಎಂಬುದಕ್ಕೂ ಮಿತಿ ಬಂದುಬಿಡುತ್ತದೆ.

ಹೇಮಾವತಿತೀರ ಮೇಡಂ, ನಿಮಗೆ ನನ್ನ ಮೊದಲ ಸಲಹೆ ಡೌನ್‌ಟೌನ್ ಕ್ಯಾಂಪ್‌ಬೆಲ್ ನಿಲ್ದಾಣ. ಲಿಕ್ ಮಿಲ್‌ನಲ್ಲಿ ಹಸಿರು ರೈಲು ಹತ್ತಿದರೆ ಎಲ್ಲೂ ಬದಲಾಯಿಸದೆ ಅಲ್ಲಿ ಇಳಿಯಬಹುದು. ನಿಲ್ದಾಣದ ಪಕ್ಕದಲ್ಲೇ ಹಳೆಯ ಪೇಟೆ ಬೀದಿ; ಭಾನುವಾರ ರೈತರ ಸಂತೆ ನಡೆಯುತ್ತದೆ. ಇಡೀ ಜಾಲದಲ್ಲಿ, ಊರಿನ ಪೇಟೆಯೊಳಗೇ ರೈಲು ಇಳಿಸುತ್ತದೆ ಎನ್ನಬಹುದಾದ ನಿಲ್ದಾಣಗಳು ಕೆಲವೇ. ಇದೊಂದು, ಮೌಂಟನ್ ವ್ಯೂ ಇನ್ನೊಂದು. ಅಲ್ಲಿನ ಕ್ಯಾಸ್ಟ್ರೊ ಸ್ಟ್ರೀಟ್‌ನ ನಿಲ್ದಾಣದ ಕಡೆಯ ಭಾಗದಲ್ಲಿ ಕಾರುಗಳನ್ನು ನಿಲ್ಲಿಸಿಬಿಟ್ಟಿದ್ದಾರೆ. ಹೋಟೆಲುಗಳ ಮೇಜುಗಳು ಬೀದಿಯಲ್ಲೇ ಇರುತ್ತವೆ. ಪುಸ್ತಕ ಓದುವ ಹವ್ಯಾಸವಿದ್ದರೆ ನಡೆದು ಹೋಗುವಷ್ಟು ದೂರದಲ್ಲಿ ಒಳ್ಳೆಯ ಗ್ರಂಥಾಲಯವೂ ಇದೆ.

ಹೇಮಾವತಿತೀರ

ಎಲ್ಲರಿಗೂ ಬಹಳ ಉಪಕಾರವಾಯಿತು. ಯಜಮಾನರು ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲವನ್ನೂ ಓದಿದರು. ಅವರ ಪ್ರಶ್ನೆ ಇದು: ಕಿತ್ತಳೆ ಮಾರ್ಗ ಸನಿವೇಲ್‌ನಲ್ಲಿ ನೇರವಾಗಿ ಹೋಗದೆ ಉತ್ತರಕ್ಕೆ ಏರಿ, ಕೊಲ್ಲಿಯ ಕಡೆ ಬಳಸಿ, ಮತ್ತೆ ದಕ್ಷಿಣಕ್ಕೆ ಇಳಿಯುವುದು ಏಕೆ? ನಾನು ಕೇಳಬೇಕೆಂದಿರುವುದು ಇನ್ನೊಂದು. ವಿಮಾನ ನಿಲ್ದಾಣಕ್ಕೆ ಹೋಗುವುದು ಹೇಗೆ? ದೇವಸ್ಥಾನಕ್ಕೆ ಹತ್ತಿರದ ನಿಲ್ದಾಣ ಯಾವುದು?

ಹಳಿಪ್ರಿಯ

ಯಜಮಾನರ ಪ್ರಶ್ನೆಗೆ ಉತ್ತರ ಮೇಲೆ ಹೇಳಿದ್ದೇ. ಫೇರ್ ಓಕ್ಸ್ ದಾಟಿದ ಮೇಲೆ ಕ್ರಾಸ್‌ಮನ್, ಬೊರೆಗಾಸ್, ಲಾಕ್‌ಹೀಡ್ ಮಾರ್ಟಿನ್, ಮೊಫೆಟ್ ಪಾರ್ಕ್ ಎಂದು ನಿಲ್ದಾಣಗಳ ಹೆಸರುಗಳನ್ನು ಓದುತ್ತಾ ಹೋದರೆ ಸಾಕು. ರಕ್ಷಣಾ ಕಾರ್ಖಾನೆ, ಹಳೆಯ ನೌಕಾಪಡೆಯ ವಿಮಾನ ನೆಲೆ, ತಂತ್ರಜ್ಞಾನ ಕಂಪನಿಗಳ ಆವರಣಗಳನ್ನು ಒಂದೊಂದಾಗಿ ಮುಟ್ಟಲೆಂದೇ ಆ ಬಳಸು ದಾರಿ. ಮನೆಗಳಿರುವ ಸನಿವೇಲ್ ದಕ್ಷಿಣದಲ್ಲಿ ಉಳಿದುಹೋಯಿತು. ಆ ತಿರುವುಗಳಲ್ಲಿ ರೈಲು ನಿಧಾನವಾಗುವುದೂ ನಿಜ. ಆದರೆ ಕಿಟಕಿಯ ಪಕ್ಕ ಕುಳಿತವರಿಗೆ ಮೊಫೆಟ್ ಫೀಲ್ಡ್‌ನಲ್ಲಿ 1930ರ ದಶಕದಲ್ಲಿ ಅನಿಲ ತುಂಬಿದ ದೈತ್ಯ ಆಕಾಶನೌಕೆಗೆಂದು ಕಟ್ಟಿದ ಹ್ಯಾಂಗರ್ ಒನ್ ಎಂಬ ಕಟ್ಟಡ ಕಾಣುತ್ತದೆ. ನಿವೃತ್ತ ಇಂಜಿನಿಯರ್ ಒಬ್ಬರು ಅದನ್ನು ನೋಡದೆ ಹೋಗಬಾರದು. ಮೌಂಟನ್ ವ್ಯೂ ಸಮೀಪದಲ್ಲಿ ಎವೆಲಿನ್ ಎಂಬ ನಿಲ್ದಾಣವಿತ್ತು. ಎರಡನೆಯ ಹಳಿ ಹಾಕುವ ಸಲುವಾಗಿ 2015ರಲ್ಲಿ ಅದನ್ನು ಮುಚ್ಚಿದರು. ಹಳೆಯ ನಕ್ಷೆಯಲ್ಲಿ ಕಂಡರೆ ಗೊಂದಲ ಬೇಡ. ದಕ್ಷಿಣದ ಆಲ್ಮಡೆನ್ ಕಿರುಶಾಖೆಯೂ 2019ರ ಬದಲಾವಣೆಯಲ್ಲಿ ನಿಂತುಹೋಯಿತು.

ವಿಮಾನ ನಿಲ್ದಾಣಕ್ಕೆ ನೀಲಿ ಅಥವಾ ಹಸಿರು ರೈಲಿನಲ್ಲಿ ಮೆಟ್ರೊ/ಏರ್‌ಪೋರ್ಟ್ ಎಂಬ ನಿಲ್ದಾಣದಲ್ಲಿ ಇಳಿದು 60ನೇ ಬಸ್ಸು ಹಿಡಿಯಬೇಕು. ಹೆಸರಿನಲ್ಲಿ ಏರ್‌ಪೋರ್ಟ್ ಇದ್ದರೂ ಟರ್ಮಿನಲ್ ಅಲ್ಲಿಂದ ನಡೆಯುವಷ್ಟು ಹತ್ತಿರವಿಲ್ಲ. ದೊಡ್ಡ ಸೂಟ್‌ಕೇಸ್‌ಗಳಿದ್ದರೆ ಈ ಒಂದು ದಿನ ಅಳಿಯಂದಿರ ಕಾರನ್ನೇ ಬಳಸಿ, ತಪ್ಪೇನಿಲ್ಲ.

ಸನಿವೇಲ್‌ನ ಪರ್ಷಿಯನ್ ಡ್ರೈವ್‌ನಲ್ಲಿರುವ ಹಿಂದೂ ದೇವಸ್ಥಾನಕ್ಕೆ ಫೇರ್ ಓಕ್ಸ್ ನಿಲ್ದಾಣದಿಂದ ನಡೆದು ಹೋಗಬಹುದು. ಮೊದಲ ಸಲ ಯಾರಾದರೂ ಜೊತೆಗಿದ್ದು ದಾರಿ ತೋರಿಸಿದರೆ ಒಳ್ಳೆಯದು.

ಒಂದು ಎಚ್ಚರಿಕೆ. ಹೆಸರುಗಳನ್ನು ನಂಬಿ ಇಳಿಯಬೇಡಿ. ಲೈಟ್ ರೈಲಿನ ಸಾಂಟಾ ಕ್ಲಾರಾ ನಿಲ್ದಾಣ ಇರುವುದು ಸ್ಯಾನ್ ಹೋಸೆ ಡೌನ್‌ಟೌನ್‌ನಲ್ಲಿ, ಅದೇ ಹೆಸರಿನ ಬೀದಿಯ ಬಳಿ. ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಹೋಗುವ ಕ್ಯಾಲ್‌ಟ್ರೇನ್ ಎಂಬ ರೈಲಿನ ಸಾಂಟಾ ಕ್ಲಾರಾ ನಿಲ್ದಾಣವೇ ಬೇರೆ, ಅಲ್ಲಿಗೆ ಲೈಟ್ ರೈಲು ಹೋಗುವುದಿಲ್ಲ. ನೀಲಿ ಮಾರ್ಗದ ಕ್ಯಾಪಿಟಲ್ ನಿಲ್ದಾಣವೂ ಕ್ಯಾಲ್‌ಟ್ರೇನ್‌ನ ಕ್ಯಾಪಿಟಲ್ ನಿಲ್ದಾಣವೂ ಒಂದೇ ಅಲ್ಲ. ಲೈಟ್ ರೈಲೂ ಕ್ಯಾಲ್‌ಟ್ರೇನೂ ಸೇರುವುದು ಮೌಂಟನ್ ವ್ಯೂ, ಡಿರಿಡಾನ್, ತಾಮಿಯೆನ್ ಈ ಮೂರು ಕಡೆ ಮಾತ್ರ.

ಮಿಲ್ಪಿಟಾಸ್ ರಾಯರು

ನಾನು ಮಗನ ಮನೆಯಲ್ಲಿ ವರ್ಷದಲ್ಲಿ ಕೆಲವು ತಿಂಗಳು ಇರುವ ಹಿರಿಯ ನಾಗರಿಕ. ಮೇಲಿನ ಚರ್ಚೆ ಬಹಳ ವಿದ್ವತ್ಪೂರ್ಣವಾಗಿದೆ. ಆದರೆ ಇಲ್ಲಿ ವಾದಿಸುತ್ತಿರುವವರು ಕೆಲಸಕ್ಕೆ ಹೋಗುವವರ ಗಡಿಯಾರವನ್ನು ಕೈಗೆ ಕಟ್ಟಿಕೊಂಡು ಈ ರೈಲನ್ನು ಅಳೆಯುತ್ತಿದ್ದಾರೆ. ಮುಕ್ಕಾಲು ಗಂಟೆ ಹೆಚ್ಚಾದರೆ ನನಗೇನೂ ನಷ್ಟವಿಲ್ಲ. ಕಾರಿಲ್ಲದ ಮನುಷ್ಯನಿಗೆ ಈ ಊರಿನಲ್ಲಿ ಮಕ್ಕಳನ್ನು ಕೇಳದೆ ಬಾಗಿಲು ದಾಟುವ ಸ್ವಾತಂತ್ರ್ಯವನ್ನು ಕೊಟ್ಟಿರುವುದು ಈ ರೈಲು ಮತ್ತು ಬಸ್ಸು. ರೈಲು ಹಿಡಿಯಲಾರಂಭಿಸಿದ ಮೇಲೆ ನನಗೆ ಶನಿವಾರಕ್ಕಾಗಿ ಕಾಯುವ ಅಭ್ಯಾಸ ತಪ್ಪಿತು.

ಹೇಮಾವತಿ ಅಮ್ಮನವರಿಗೆ ಬಳಕೆಯ ವಿಷಯಗಳನ್ನು ತಿಳಿಸುತ್ತೇನೆ. ನಮ್ಮ ಮೆಟ್ರೊದಲ್ಲಿರುವಂತೆ ಇಲ್ಲಿ ಗೇಟುಗಳಿಲ್ಲ, ಬ್ಯಾಗಿನ ತಪಾಸಣೆಯೂ ಇಲ್ಲ. ಪ್ಲಾಟ್‌ಫಾರ್ಮ್‌ನಲ್ಲಿ ಕಂಬದ ಮೇಲಿರುವ ಯಂತ್ರಕ್ಕೆ ಕ್ಲಿಪ್ಪರ್ ಎಂಬ ಪ್ರಯಾಣದ ಕಾರ್ಡನ್ನು ತಾಗಿಸಿ ನಂತರ ಹತ್ತಬೇಕು. ಇಳಿಯುವಾಗ ಮತ್ತೆ ತಾಗಿಸಬೇಕಿಲ್ಲ. ಗೇಟಿಲ್ಲವಲ್ಲ ಎಂದು ಮರೆತು ಹತ್ತಬೇಡಿ. ಒಳಗೆ ತಪಾಸಣೆಗೆ ಬಂದಾಗ ಕಾರ್ಡನ್ನು ಓದಿ ನೋಡುತ್ತಾರೆ, ಹಣ ಕಟ್ಟಿಲ್ಲದಿದ್ದರೆ ದಂಡ ಹಾಕುತ್ತಾರೆ. ವಯಸ್ಕರ ದರ ಎರಡೂವರೆ ಡಾಲರ್, 65 ತುಂಬಿದವರಿಗೆ ಅದಕ್ಕಿಂತ ಕಡಿಮೆ. ವಯಸ್ಸಿನ ಪುರಾವೆ ಕೊಟ್ಟು ಹಿರಿಯರ ಕಾರ್ಡನ್ನು ಬಂದ ಹೊಸತರಲ್ಲೇ ಮಾಡಿಸಿಕೊಳ್ಳಿ. ಕಾರ್ಡಿನಲ್ಲಿ ಕಟ್ಟಿದರೆ ಎರಡು ಗಂಟೆಯವರೆಗೆ ರೈಲು ಬಸ್ಸು ಬದಲಾಯಿಸಿದರೂ ಮತ್ತೆ ಹಣ ಹೋಗುವುದಿಲ್ಲ. ಹತ್ತಿರದ ಅಂಗಡಿಗೆ ಹೋಗಿ ಬರುವ ಪ್ರಯಾಣ ಎಷ್ಟೋ ಸಲ ಒಂದೇ ಟಿಕೆಟ್ಟಿನಲ್ಲಿ ಮುಗಿಯುತ್ತದೆ.

ಮೊಣಕಾಲಿನ ತೊಂದರೆ ಇರುವವರಿಗೆ ಸಮಾಧಾನದ ವಿಷಯವೆಂದರೆ, ಬೋಗಿಯ ನೆಲವೂ ಪ್ಲಾಟ್‌ಫಾರ್ಮ್‌ನ ನೆಲವೂ ಒಂದೇ ಮಟ್ಟದಲ್ಲಿವೆ. ಈಗಿನ ಬೋಗಿಗಳು ಜಪಾನಿನ ಕಿಂಕಿ ಶಾರ್ಯೊ ಕಂಪನಿಯವು. ಮೊದಲಿನ ಎತ್ತರದ ಬೋಗಿಗಳನ್ನು ಹತ್ತಲು ಮೆಟ್ಟಿಲುಗಳಿದ್ದವಂತೆ. ಗಾಲಿಕುರ್ಚಿಯವರನ್ನು ಎತ್ತಲು ನಿಲ್ದಾಣದಲ್ಲಿ ಬೇರೆ ಯಂತ್ರ ಇಡಬೇಕಾಗಿತ್ತು. ಆದರೆ ರೈಲಿನಲ್ಲಿ ಶೌಚಾಲಯವಿಲ್ಲ, ಬಹಳಷ್ಟು ನಿಲ್ದಾಣಗಳಲ್ಲೂ ಇಲ್ಲ. ಇದನ್ನು ಯಾವ ನಕ್ಷೆಯೂ ಹೇಳುವುದಿಲ್ಲ, ನಮ್ಮ ವಯಸ್ಸಿನವರಿಗೆ ಮೊದಲು ಬೇಕಾದ ಮಾಹಿತಿಯೇ ಅದು.

ನಮ್ಮ ಕಡೆಯ ನಿಲ್ದಾಣಗಳಲ್ಲಿ ಗ್ರೇಟ್ ಮಾಲ್ ಮತ್ತು ಮಿಲ್ಪಿಟಾಸ್ ಮುಖ್ಯ. ಗ್ರೇಟ್ ಮಾಲ್ ಮೊದಲು ಫೋರ್ಡ್ ಕಾರು ಜೋಡಿಸುವ ಕಾರ್ಖಾನೆಯಾಗಿತ್ತು. ಮಳೆಗಾಲದಲ್ಲಿ ಒಳಗೆ ನಡೆದಾಡಲು ನಮ್ಮಂಥ ಅನೇಕರು ಅಲ್ಲಿ ಸೇರುತ್ತಾರೆ, ಕನ್ನಡವೂ ಕಿವಿಗೆ ಬೀಳುತ್ತದೆ. ಮಿಲ್ಪಿಟಾಸ್‌ನಲ್ಲಿ ರೈಲು ಎತ್ತರದ ಕಟ್ಟೆಯ ಮೇಲೆ ನಿಲ್ಲುತ್ತದೆ; ಅಲ್ಲಿಂದ ಪಾದಚಾರಿ ಸೇತುವೆಯ ಮೂಲಕ, 2020ರ ಜೂನ್‌ನಲ್ಲಿ ತೆರೆದ, ಬಾರ್ಟ್ ಎಂಬ ಇನ್ನೊಂದು ರೈಲಿನ ನಿಲ್ದಾಣಕ್ಕೆ ಹೋಗಬಹುದು. ಬಾರ್ಟ್ ಹಿಡಿದರೆ ಫ್ರೀಮಾಂಟ್, ಓಕ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊ ಎಲ್ಲವೂ ಸಿಗುತ್ತವೆ. ಬಾರ್ಟ್‌ನಲ್ಲಿ ಮಾತ್ರ ಗೇಟು ಇದೆ, ಹೊರಗೆ ಬರುವಾಗಲೂ ಕಾರ್ಡು ತಾಗಿಸಬೇಕು.

ಮಾರ್ಗನಕ್ಷೆ

ರಾಯರ ಮಾತಿಗೆ ಗೌರವವಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಮಯ ಇರುವವರಿಗೆ ಮಾತ್ರ ಉಪಯುಕ್ತವಾದ ರೈಲಿಗೆ ಸಮಯ ಇಲ್ಲದವರು ಎಷ್ಟು ವರ್ಷ ತೆರಿಗೆ ಕಟ್ಟುತ್ತಾರೆ? ನಮ್ಮ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಕಟ್ಟುತ್ತಿರುವ ಮೆಟ್ರೊ ಮಾರ್ಗವೂ ಕಂಪನಿಗಳ ಸಾಲಿನಲ್ಲೇ ಹೋಗುತ್ತದೆ. ನಾರ್ತ್ ಫಸ್ಟ್‌ನ ಕಥೆಯನ್ನು ಓದಿದಾಗ ನನಗೆ ಚಿಂತೆಯಾಗುವುದು ಅದಕ್ಕೇ.

ಹಳಿಪ್ರಿಯ

ಆ ಹೋಲಿಕೆ ನಿಲ್ಲುವುದಿಲ್ಲ ಎಂದು ನನ್ನ ಅಭಿಪ್ರಾಯ. ಹೊರವರ್ತುಲ ರಸ್ತೆಯ ಕಚೇರಿಗಳು ಬಹುಮಹಡಿಯವು. ಬೆಳ್ಳಂದೂರು, ಮಾರತ್ತಹಳ್ಳಿಗಳಲ್ಲಿ ಕಚೇರಿಯ ಬೆನ್ನಿಗೇ ವಸತಿ ಇದೆ, ರಸ್ತೆಯಲ್ಲಿ ಕಾರಿನವನೂ ನಿಂತೇ ಇರುತ್ತಾನೆ. ನಾರ್ತ್ ಫಸ್ಟ್‌ನಲ್ಲಿ ಕಟ್ಟಡಗಳು ಎರಡು ಮೂರು ಅಂತಸ್ತಿನವು, ನಿಲುಗಡೆ ಉಚಿತ, ಪಕ್ಕದಲ್ಲೇ ಫ್ರೀವೇ. ರೈಲು ಸೋಲುವುದು ಕಚೇರಿಗಳ ಮುಂದೆ ಓಡಿದ್ದಕ್ಕಲ್ಲ, ಪಕ್ಕದಲ್ಲೇ ಕಾರಿಗೆ ಎಲ್ಲ ಅನುಕೂಲವನ್ನೂ ಮಾಡಿಕೊಟ್ಟಿದ್ದಕ್ಕೆ. ನೀಲಿ ಮಾರ್ಗದ ದಕ್ಷಿಣ ಭಾಗ ಇದಕ್ಕೆ ಕನ್ನಡಿ. ಕರ್ಟ್ನರ್, ಕ್ಯಾಪಿಟಲ್, ಬ್ರ್ಯಾನಮ್ ನಿಲ್ದಾಣಗಳು ಫ್ರೀವೇಯ ನಡುವೆ ಇವೆ. ರೈಲು ವೇಗವಾಗಿಯೇ ಓಡುತ್ತದೆ, ಆದರೆ ಎರಡೂ ಬದಿಯಲ್ಲಿ ಕಾರುಗಳು ಅದಕ್ಕಿಂತ ವೇಗವಾಗಿ ಹೋಗುವುದನ್ನು ಪ್ರಯಾಣಿಕನು ಕಿಟಕಿಯಿಂದ ನೋಡುತ್ತಿರುತ್ತಾನೆ. ನಿಲ್ದಾಣದಿಂದ ನಡೆದು ಹೋಗುವ ವರ್ತುಲದಲ್ಲಿ ಬಹುಪಾಲು ಜಾಗವನ್ನು ಫ್ರೀವೇಯೇ ತಿಂದುಬಿಟ್ಟಿರುತ್ತದೆ.

ಡೌನ್‌ಟೌನ್ ನಿಧಾನದ ವಿಷಯದಲ್ಲಿ ನಿಮ್ಮ ಪರವಾಗಿ ಒಂದು ಮಾತು ಹೇಳಬೇಕು. ಉತ್ತರ ಮತ್ತು ದಕ್ಷಿಣ ಎರಡನ್ನೂ ಸೇರಿಸುವ ದಾರಿ ಅದೊಂದೇ. ನೀಲಿ, ಹಸಿರು ಎರಡೂ ಸೇಂಟ್ ಜೇಮ್ಸ್‌ನಿಂದ ಕನ್ವೆನ್ಷನ್ ಸೆಂಟರ್‌ವರೆಗೆ ತೆವಳಲೇಬೇಕು. ಒಂದು ದಿಕ್ಕಿನ ರೈಲು ಫಸ್ಟ್ ಸ್ಟ್ರೀಟ್‌ನಲ್ಲಿ, ಇನ್ನೊಂದು ಸೆಕೆಂಡ್ ಸ್ಟ್ರೀಟ್‌ನಲ್ಲಿ. ಪಾದಚಾರಿ ಮಾರ್ಗ ಮತ್ತು ಹಳಿಯ ನಡುವೆ ತಡೆಬೇಲಿ ಹಾಕಿ ವೇಗ ಹೆಚ್ಚಿಸಬೇಕೆಂಬುದು ಹಳೆಯ ಚರ್ಚೆ. ನನ್ನ ಮಟ್ಟಿಗೆ ಆ ಜಾಲದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಜನರಿಗೆ ಲಾಭ ತರುವ ಕೆಲಸ ಅದೇ. ಹೊಸ ಮಾರ್ಗ ಕಟ್ಟುವಾಗ ಉದ್ಘಾಟನೆಯ ಫಲಕ ಸಿಗುತ್ತದೆ, ಹಳೆಯ ಮಾರ್ಗದ ನಾಲ್ಕು ನಿಮಿಷ ಉಳಿಸಿದವರಿಗೆ ಫಲಕ ಸಿಗುವುದಿಲ್ಲ.

ಕ್ಯಾಂಪ್‌ಬೆಲ್ ವಾಸಿ

ಹೊಸ ಮಾರ್ಗದ ಮಾತು ಬಂದಿದ್ದರಿಂದ ಹೇಳುತ್ತೇನೆ. ಆಲಮ್ ರಾಕ್‌ನಿಂದ ಈಸ್ಟ್‌ರಿಡ್ಜ್‌ವರೆಗೆ ಕಿತ್ತಳೆ ಮಾರ್ಗವನ್ನು 2.4 ಮೈಲಿ ವಿಸ್ತರಿಸುವ ಕೆಲಸ 2024ರಲ್ಲಿ ಶುರುವಾಯಿತು. ಇದು ಕ್ಯಾಪಿಟಲ್ ಎಕ್ಸ್‌ಪ್ರೆಸ್‌ವೇ ಮೇಲೆ ಕಂಬಗಳ ಮೇಲೆ ಹೋಗುತ್ತದೆ, ಸ್ಟೋರಿ ರೋಡ್‌ನಲ್ಲಿ ನಡುವೆ ಒಂದು ನಿಲ್ದಾಣವಿರುತ್ತದೆ. ಮಾರ್ಗನಕ್ಷೆ ಅವರು ಗಮನಿಸಬೇಕಾದ್ದು ಇಲ್ಲಿದೆ. ಪೂರ್ವ ಸ್ಯಾನ್ ಹೋಸೆಯಲ್ಲಿ ಬಸ್ಸನ್ನು ನಿಜವಾಗಿ ನಂಬಿಕೊಂಡ ಕುಟುಂಬಗಳಿವೆ, ಈಸ್ಟ್‌ರಿಡ್ಜ್‌ನಲ್ಲಿ 22 ಮತ್ತು 522 ಬಸ್ಸುಗಳು ಬಂದು ನಿಲ್ಲುತ್ತವೆ. ರೈಲು ಸಿಗ್ನಲ್ಲಿಗೆ ಸಿಗದಂತೆ ಮೇಲೆ ಹೋಗುತ್ತದೆ. ಮೊದಲ ಹಂತದಲ್ಲಿ ಬಿಟ್ಟುಹೋದ ಎರಡೂ ವಿಷಯಗಳು ಇಲ್ಲಿ ಸೇರಿವೆ. ತಡವಾಯಿತು ಎಂಬುದು ಬೇರೆ ಮಾತು.

ಮಾರ್ಗನಕ್ಷೆ

ಅದು ಸರಿಯಾದ ದಿಕ್ಕು. ನನ್ನ ಆಕ್ಷೇಪ ಮೊದಲ 30 ವರ್ಷಗಳ ಬಗ್ಗೆ, ಅದನ್ನು ಹಿಂತೆಗೆದುಕೊಳ್ಳುವುದಿಲ್ಲ.

ಹೇಮಾವತಿತೀರ

ಯಜಮಾನರು ಹ್ಯಾಂಗರ್ ಒನ್ ಹೆಸರು ಕೇಳಿದ ಮೇಲೆ ಮೌಂಟನ್ ವ್ಯೂ ಪ್ರಯಾಣವನ್ನು ಮೊದಲ ವಾರಕ್ಕೇ ಗೊತ್ತು ಮಾಡಿದ್ದಾರೆ. ಮೊಮ್ಮಗಳಿಗೆ ಐದು ವರ್ಷ. ಅವಳನ್ನು ಕರೆದುಕೊಂಡು ಹೋಗಲು ಸೂಕ್ತ ನಿಲ್ದಾಣವಿದ್ದರೆ ತಿಳಿಸಿ. ಹಾಗೆಯೇ, ರೈಲು ಇದ್ದಕ್ಕಿದ್ದಂತೆ ನಿಂತುಹೋಗುವುದುಂಟೇ? ಫೋನಿನಲ್ಲಿ ಎಲ್ಲವನ್ನೂ ನೋಡುವಷ್ಟು ಚುರುಕುತನ ನಮಗಿಲ್ಲ.

ಮಿಲ್ಪಿಟಾಸ್ ರಾಯರು

ಮೊಮ್ಮಗಳಿಗೆ ಚಿಲ್ಡ್ರನ್ಸ್ ಡಿಸ್ಕವರಿ ಮ್ಯೂಸಿಯಂ ಎಂಬ ಹೆಸರಿನ ನಿಲ್ದಾಣವೇ ಇದೆ, ಅಮ್ಮ. ಲಿಕ್ ಮಿಲ್‌ನಿಂದ ಹಸಿರು ರೈಲಿನಲ್ಲಿ ಹೊರಟು, ಟಾಸ್ಮನ್‌ನಿಂದ ಕನ್ವೆನ್ಷನ್ ಸೆಂಟರ್‌ವರೆಗಿನ ಯಾವುದಾದರೂ ನಿಲ್ದಾಣದಲ್ಲಿ ಇಳಿದು, ಹಿಂದೆ ಬರುವ ನೀಲಿ ರೈಲನ್ನು ಹತ್ತಿ. ಕನ್ವೆನ್ಷನ್ ಸೆಂಟರ್ ದಾಟಿದ ಮೇಲೆ ಎರಡೂ ಬೇರೆಯಾಗುತ್ತವೆ, ಆದ್ದರಿಂದ ಅದಕ್ಕೆ ಮೊದಲೇ ಬದಲಾಯಿಸಬೇಕು. ಮ್ಯೂಸಿಯಂ ನೇರಳೆ ಬಣ್ಣದ ದೊಡ್ಡ ಕಟ್ಟಡ, ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ನೀವಿಬ್ಬರೇ ಹೋಗುವುದಾದರೆ ಜಪಾನ್‌ಟೌನ್/ಏಯರ್ ನಿಲ್ದಾಣದಲ್ಲಿ ಇಳಿದು ಆ ಬೀದಿಗಳಲ್ಲಿ ನಡೆಯಿರಿ. ಅಮೆರಿಕದಲ್ಲಿ ಇಂಥ ಜಪಾನೀ ಪೇಟೆಗಳು ಉಳಿದಿರುವುದು ಮೂರೇ.

ಹಳಿಪ್ರಿಯ

ಸೇವೆ ನಿಲ್ಲುವ ಬಗ್ಗೆ: 2021ರ ಮೇ 26ರಂದು ಗ್ವಾಡಲೂಪೆ ರೈಲು ಅಂಗಳದಲ್ಲಿ ಒಂಬತ್ತು ನೌಕರರು ಗುಂಡೇಟಿಗೆ ಬಲಿಯಾದ ನಂತರ ಲೈಟ್ ರೈಲು ಆಗಸ್ಟ್ ಕೊನೆಯವರೆಗೆ ಓಡಲೇ ಇಲ್ಲ. 2025ರ ಮಾರ್ಚ್‌ನಲ್ಲಿ ನೌಕರರ ಮುಷ್ಕರದಿಂದ ಎರಡು ವಾರಕ್ಕೂ ಹೆಚ್ಚು ಕಾಲ ರೈಲು, ಬಸ್ಸು ಎರಡೂ ನಿಂತಿದ್ದವು. ಇವು ಅಪರೂಪ. ಸಾಮಾನ್ಯ ದಿನಗಳಲ್ಲಿ ಹಗಲು ಹೊತ್ತು ಸುಮಾರು 15ರಿಂದ 20 ನಿಮಿಷಕ್ಕೊಂದು ರೈಲು ಇರುತ್ತದೆ. ರಾತ್ರಿ ಮತ್ತು ವಾರಾಂತ್ಯದಲ್ಲಿ ಅಂತರ ಹೆಚ್ಚು. ಹಳಿ ದುರಸ್ತಿ ಇದ್ದಾಗ ಆ ಭಾಗದಲ್ಲಿ ಬಸ್ಸು ಬಿಡುತ್ತಾರೆ, ಪ್ಲಾಟ್‌ಫಾರ್ಮ್‌ನಲ್ಲಿ ಕಾಗದ ಅಂಟಿಸಿರುತ್ತಾರೆ.

ನಿಮ್ಮ ಮನೆಯ ಹತ್ತಿರಕ್ಕೇ ಸಂಬಂಧಿಸಿದ್ದು ಇನ್ನೊಂದಿದೆ. ಲಿಕ್ ಮಿಲ್‌ನ ಮುಂದಿನ ನಿಲ್ದಾಣ ಗ್ರೇಟ್ ಅಮೆರಿಕ. 2014ರಲ್ಲಿ ತೆರೆದ ಲೀವೈಸ್ ಕ್ರೀಡಾಂಗಣ ಅದರ ಪಕ್ಕದಲ್ಲೇ ಇದೆ. ಫುಟ್‌ಬಾಲ್ ಪಂದ್ಯವೋ ದೊಡ್ಡ ಸಂಗೀತ ಕಾರ್ಯಕ್ರಮವೋ ಇರುವ ದಿನ ಸದಾ ಅರ್ಧ ಖಾಲಿ ಓಡುವ ಇದೇ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಂದ್ಯದ ದಿನಗಳ ಪಟ್ಟಿಯನ್ನು ಮಗಳಿಂದ ಬರೆಸಿ ಗೋಡೆಗೆ ಹಾಕಿಕೊಳ್ಳಿ. ಆ ದಿನಗಳಲ್ಲಿ ಹೊರಗೆ ಹೋಗಿದ್ದರೆ ಪಂದ್ಯ ಮುಗಿಯುವ ಹೊತ್ತಿಗೆ ಮುಂಚೆಯೇ ಲಿಕ್ ಮಿಲ್‌ಗೆ ಮರಳಿ ಬನ್ನಿ.